ಕೋಬೆಯಲ್ಲಿ ಮೊದಲ ತಾಟು

ಆಸ್ಪತ್ರೆ ಕ್ವಾರ್ಟರ್ಸ್, ಸೊಲ್ಲಾಪುರ
ರವಿವಾರ, ತಾ. ೨೪-೧೧-೧೯೫೭

ಚಿ. ಸೌ. ಲೀಲಾಳಿಗೆ,

ನಿನ್ನ ಅವ್ವ ಮನಸ್ಸು ತುಂಬಿ ಮಾಡುವ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಕಾಲಿನ ಬಾವು ಇಳಿಯಿತೋ ಹೇಗೆ? ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದೀಯಾ? ಮಧ್ಯಾಹ್ನ ಎಡಮಗ್ಗುಲಾಗಿ ಅರ್ಧ ತಾಸು ಮಲಗು ಎಂದು ಹೇಳಿದ್ದೆ. ಅತ್ತೆ ಏನೆಂದುಕೊಂಡಾರೋ ಎಂದು ಮಲಗದೆ ಇರಬೇಡ. ಗುರಮ್ಮನವರು ಐದು ಹೆತ್ತವರು, ಅವರಿಗೆ ತಿಳಿಯುತ್ತದೆ. ಅಳಿಯಂದಿರು ಅಮೃತಪ್ಪನವರಿಗೆ ನನ್ನ ಶರಣು ಹೇಳು.

ನಿನ್ನ ಪತ್ರ ಬಂದು ಹದಿನಾರು ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಊರಲ್ಲಿ ಮನೆಮನೆಗೆ ಹಬ್ಬಿದ ಜ್ವರದ ಸಾಥ ಇನ್ನೂ ಹೋಗಿಲ್ಲ, ಹೆರಿಗೆ ವಾರ್ಡಿನ ವರಾಂಡದಲ್ಲೂ ಹಾಸಿಗೆ ಹಾಕಿದ್ದಾರೆ. ಆದರೆ ನಿಜ ಹೇಳಬೇಕೆಂದರೆ ತಡವಾದದ್ದು ಅದಕ್ಕಲ್ಲ. ಮೂರು ಸಲ ಕಾಗದ ತೆಗೆದು ಕೂತೆ. ಮೂರು ಸಲವೂ ‘ಇತ್ತ ಎಲ್ಲ ಕ್ಷೇಮ’ ಎಂದಷ್ಟೇ ಬರೆದು ಮಡಚಿಟ್ಟೆ.

ನೀನು ಬರೆದದ್ದು ಎರಡು ಸಂಗತಿ. ಡಿಸೆಂಬರ್ ಐದು, ಗುರುವಾರ, ನಾಗಣಸೂರದಲ್ಲಿ ನಿನ್ನ ಬಸುರಿನ ಕುಬಸ ಮಾಡುವುದು ಗೊತ್ತಾಗಿದೆ, ಮಾಮಾ ಮಾಮಿ ತವರಿನ ಹಸಿರು ಸೀರೆ, ಬುತ್ತಿ ತೆಗೆದುಕೊಂಡು ಬರುತ್ತಾರೆ ಎಂಬುದು ಒಂದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು: ‘ಅವ್ವಾ, ನೀ ಶುಕ್ರವಾರ ಬಾ. ಗುರುವಾರ ಮಂದಿ ಭಾಳ ಇರ್ತಾರ, ನಿನಗ ಸರಿ ಆಗೂದಿಲ್ಲ. ಶುಕ್ರವಾರ ನಾವಿಬ್ರೇ ಕೂತು ಮಾತಾಡೂಣು. ಜಪಾನದ ಸುದ್ದಿ ಎಲ್ಲಾ ಹೇಳಬೇಕ ನೀ.’

ಸರಿ ಆಗುವುದಿಲ್ಲ ಎಂದರೆ ಏನೆಂದು ನನಗೆ ಗೊತ್ತಾಯಿತು, ಮಗಳೇ. ಗಂಡ ಸತ್ತವಳು ಕುಬಸದ ಪಂಕ್ತಿಯಲ್ಲಿ ಕಾಣಿಸಿಕೊಳ್ಳಬಾರದು. ಅದನ್ನು ನೀನು ಎಷ್ಟು ಮೆತ್ತಗೆ ಬರೆದಿದ್ದೀ ಎಂದು ನೋಡಿ ನಿನ್ನ ಮೇಲೆ ಮಾಯೆ ಮಮತೆಯೇ ಬಂತು. ಜಪಾನದ ಸುದ್ದಿಯನ್ನು ಶುಕ್ರವಾರದ ತನಕ ಇಟ್ಟುಕೊಳ್ಳುವುದಿಲ್ಲ, ಈಗಲೇ ಹೇಳುತ್ತೇನೆ. ಎಲ್ಲ ಸುದ್ದಿ ಅಲ್ಲ, ಒಂದು ಊಟದ ಸುದ್ದಿ. ನೀನು ಮರಾಠಿ ಸಾಲಿ ಕಲಿತವಳು, ಮರಾಠಿಯಲ್ಲಿ ಬರೆದಿದ್ದರೆ ನಿನಗೆ ಓದಲು ಹಗುರಾಗುತ್ತಿತ್ತು. ಆದರೆ ಇದು ಕನ್ನಡದಲ್ಲಿ ಅಲ್ಲದೆ ಬರುತ್ತಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದು. ಬೇರೆಯವರ ಕೈಯಲ್ಲಿ ಕೊಟ್ಟು ಓದಿಸಬೇಡ.

ನಿನಗೆ ಗೊತ್ತಿದ್ದದ್ದನ್ನೇ ಮೊದಲು ಸ್ವಲ್ಪ ಬರೆಯುತ್ತೇನೆ, ಇಲ್ಲದಿದ್ದರೆ ಆ ಊಟ ನನಗೆ ಏನಾಯಿತು ಎಂದು ತಿಳಿಯುವುದಿಲ್ಲ. ನಿಮ್ಮಪ್ಪ ತೀರಿಕೊಂಡಾಗ ನೀನು ಎರಡು ವರ್ಷದವಳು, ನಾನು ಇಪ್ಪತ್ತರವಳು. ಭಂಡಾರಕವಠೆಯ ಗಂಡನ ಮನೆಯಿಂದ ನನ್ನನ್ನು ತವರು ಚಪಳಗಾಂವಕ್ಕೆ ಕರೆತಂದವನು ಅಣ್ಣ ಕಲ್ಲಣ್ಣ, ನಿನ್ನ ಮಾಮಾ. ಬಳಗದವರೆಲ್ಲ ಬೈದರೂ ಕೇಳದೆ ಸೊಲ್ಲಾಪುರಕ್ಕೆ ತಂದು ಸೂಲಗಿತ್ತಿಯ ಕೆಲಸ, ನರ್ಸಿನ ಕೆಲಸ ಕಲಿಯಲು ಹಚ್ಚಿದ. ‘ಕೈಯಾಗ ಕೆಲಸ ಇರಲಿ, ತಂಗಿ. ನಾಳಿ ನಾ ಇಲ್ಲಂದ್ರ ಯಾರ ಮುಖ ನೋಡ್ತಿ?’ ಅಂದ. ನೀನು ಚಪಳಗಾಂವದಲ್ಲಿ ಮಾಮಿಯ ಮಡಿಲಲ್ಲಿ ಬೆಳೆದೆ. ನಾನು ಹಬ್ಬಕ್ಕೆ ಬಂದು ಹಬ್ಬಕ್ಕೆ ಹೋಗುವವಳಾದೆ.

ಈ ಹದಿನೇಳು ವರ್ಷಗಳಲ್ಲಿ ಎಷ್ಟು ಕೂಸುಗಳನ್ನು ಈ ಕೈಯಲ್ಲಿ ಹಿಡಿದಿದ್ದೇನೋ ನನಗೇ ಗೊತ್ತಿಲ್ಲ. ಬೇನೆ ಶುರುವಾದರೆ ಟಾಂಗಾ ಕಳಿಸಿ ಕರೆಸಿಕೊಳ್ಳುತ್ತಾರೆ. ಹೆಸರಿಡುವ ದಿನ ಯಾರೂ ಕರೆಯುವುದಿಲ್ಲ. ನಾನು ಅದಕ್ಕೆ ನೊಂದುಕೊಂಡಿರಲಿಲ್ಲ. ಇದು ಹೀಗೇ ಎಂದುಕೊಂಡಿದ್ದೆ. ಊಟದ್ದೂ ಹಾಗೇ. ಯಾರ ಮನೆಯಲ್ಲಾದರೂ ಎಲ್ಲರದೂ ಆದ ಮೇಲೆ, ಒಲೆಯ ಹತ್ತಿರ, ಅವಸರದಲ್ಲಿ. ಆಸ್ಪತ್ರೆಯ ಮೆಸ್ಸಿನಲ್ಲೂ ಅದೇ ರೂಢಿ ಹತ್ತಿಬಿಟ್ಟಿತ್ತು. ಅಲ್ಲಿ ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಇಂಥವಳನ್ನು ಈ ವರ್ಷ ಸರಕಾರದವರು ಆರಿಸಿ ಜಪಾನಕ್ಕೆ ಕಳಿಸಿದರು. ಮುಂಬಯಿಯ ಇಬ್ಬರು ನರ್ಸುಗಳು, ನಾನೊಬ್ಬಳು. ಅಲ್ಲಿಯ ಹೆರಿಗೆಮನೆಗಳಲ್ಲಿ ಆರು ವಾರ ನಿಂತು ನೋಡಿ ಕಲಿಯಬೇಕು. ಹಡಗಿನ ಮೇಲೆ ಇಪ್ಪತ್ತೆರಡು ದಿನ. ಮೊದಲ ಐದು ದಿನ ತಲೆ ಎತ್ತಲಿಲ್ಲ. ಆರನೆಯ ದಿನ ಮೇಲೆ ಬಂದು ನೋಡಿದರೆ ಸುತ್ತಲೂ ನೀರು ಬಿಟ್ಟರೆ ಏನೂ ಇಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಹೊಲದ ನಡುವೆ ನಿಂತರೆ ಕಣ್ಣಿಗೆ ಅಡ್ಡ ಒಂದು ಗಿಡವಾದರೂ ಬರುತ್ತದಲ್ಲ, ಅಲ್ಲಿ ಅದೂ ಇಲ್ಲ. ನಾನು ಕೊರಳಲ್ಲಿಯ ಲಿಂಗದ ಕರಡಿಗೆ ಹಿಡಿದುಕೊಂಡು ಸುಮ್ಮನೆ ನಿಂತೆ.

ಕೋಬೆ ಎಂಬುದು ಬಂದರದ ಊರು. ಮುಂದೆ ಸಮುದ್ರ, ಬೆನ್ನಿಗೆ ಹಸಿರು ಗುಡ್ಡ, ಎರಡರ ನಡುವೆ ಇಳಿಜಾರಿನಲ್ಲಿ ಊರು. ಹನ್ನೆರಡು ವರ್ಷದ ಹಿಂದೆ ಯುದ್ಧದಲ್ಲಿ ಇಡೀ ಊರು ಸುಟ್ಟು ಹೋಗಿತ್ತಂತೆ. ಈಗ ನೋಡಿದರೆ ನಂಬುವ ಹಾಗಿಲ್ಲ. ನಮ್ಮ ಹೆರಿಗೆಮನೆಯ ಮುಖ್ಯ ಸೂಲಗಿತ್ತಿ ಹಿರಾತಾ ಎಂಬಾಕೆ. ನಾನು ಹಿರಾತಾಬಾಯಿ ಎಂದು ಕರೆಯುತ್ತಿದ್ದೆ, ಆಕೆ ನಗುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಗಿಡ್ಡ ಹೆಂಗಸು, ಕೈ ಮಾತ್ರ ಅಗಲ. ಊರು ಉರಿಯುತ್ತಿದ್ದ ದಿನ ನೆಲದೊಳಗಿನ ಒಂದು ಗುಹೆಯಂಥ ಜಾಗದಲ್ಲಿ ಮೂರು ಹೆರಿಗೆ ಮಾಡಿಸಿದವಳು. ಮೂರೂ ಕೂಸು ಬದುಕಿವೆ, ಸಾಲಿಗೆ ಹೋಗುತ್ತವೆ. ಅವಳ ಇಂಗ್ಲಿಷು ನನ್ನ ಇಂಗ್ಲಿಷಿನ ಹಾಗೇ ಮುರುಕು. ಎರಡು ಮುರುಕು ಕೂಡಿ ಮಾತು ಚೆನ್ನಾಗಿ ನಡೆಯುತ್ತಿತ್ತು.

ಅಲ್ಲಿಯ ಹೆಂಗಸರು ಬೇನೆಯಲ್ಲಿ ಬಾಯಿ ಬಿಟ್ಟು ಅಳುವುದಿಲ್ಲ, ಲೀಲಾ. ಹಲ್ಲು ಕಚ್ಚಿ ಹಿಡಿಯುತ್ತಾರೆ. ಇದನ್ನು ನೀನು ಕಲಿಯಬೇಕಾಗಿಲ್ಲ. ನೀನು ಬೇಕಾದಷ್ಟು ಕೂಗು.

ಇನ್ನು ಊಟ. ನಾನು ಒಯ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ನಾಲ್ಕನೆಯ ವಾರಕ್ಕೆ ಮುಗಿದವು. ಆಮೇಲೆ ಅನ್ನ, ಉಪ್ಪು ಹಚ್ಚಿದ ಮೂಲಂಗಿ, ಬಾಳೆಹಣ್ಣು. ಅಲ್ಲಿಯೂ ನಾನು ಎಲ್ಲರದೂ ಆದ ಮೇಲೆ ಒಂದು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದೆ. ಹಿರಾತಾಬಾಯಿ ಅದನ್ನು ನೋಡಿಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಹೊರಡುವ ಮೊದಲಿನ ಶನಿವಾರ, ಸೆಪ್ಟೆಂಬರ್ ಇಪ್ಪತ್ತೆಂಟು, ಮುಂಬಯಿಯ ಇಬ್ಬರೂ ನರ್ಸುಗಳು ದೇವಸ್ಥಾನಗಳ ಊರು ನೋಡಲು ಹೋಗಿದ್ದರು. ಆಕೆ ಬಂದು, ‘ಈ ಹೊತ್ತು ಮಧ್ಯಾಹ್ನ ನೀನು ನನ್ನ ಅತಿಥಿ. ನಾನು ಪ್ರತಿ ತಿಂಗಳು ಹೋಗುವ ಒಂದು ಜಾಗವಿದೆ. ಫ್ರೆಂಚರ ಬಿಸ್ತ್ರೋ’ ಎಂದಳು.

ಬಿಸ್ತ್ರೋ ಎಂದರೆ ಏನು ಎಂದು ಕೇಳಿದೆ. ದೊಡ್ಡ ಹೋಟೆಲ್ ಅಲ್ಲ, ಮನೆಯವರೇ ನಡೆಸುವ ಸಣ್ಣ ಊಟದ ಅಂಗಡಿ ಎಂದಳು. ಅಂದರೆ ನಮ್ಮ ಖಾನಾವಳಿ. ಮಿಲ್ಲಿನ ಕಾಮಗಾರರು ಉಣ್ಣುವ ಖಾನಾವಳಿಗಳು ಸೊಲ್ಲಾಪುರದಲ್ಲಿ ಓಣಿಗೊಂದು ಇವೆಯಲ್ಲ. ಅವುಗಳಲ್ಲಿ ಒಂದರೊಳಗೂ ನಾನು ಕಾಲಿಟ್ಟಿಲ್ಲ. ಹೆಂಗಸರು ಹೋಗುವ ಜಾಗವಲ್ಲ ಅದು. ಮೊದಲ ಸಲ ಖಾನಾವಳಿಗೆ ಹೋದದ್ದು ಸಮುದ್ರ ದಾಟಿ!

‘ನಾನು ಮಾಂಸ, ಮೀನು, ತತ್ತಿ ಏನೂ ಮುಟ್ಟುವುದಿಲ್ಲ’ ಎಂದೆ.

‘ಗೊತ್ತು. ನಿನ್ನೆಯೇ ಹೋಗಿ ಹೇಳಿ ಬಂದಿದ್ದೇನೆ. ಅಡುಗೆಯ ಮುದುಕ ಒಂದು ತಾಸು ತಲೆ ಹಿಡಿದುಕೊಂಡು ಕೂತ’ ಎಂದು ನಕ್ಕಳು.

ಗುಡ್ಡದ ಕಡೆ ಏರುವ ಒಂದು ಕಿರಿದಾದ ಓಣಿ. ಹಿಂದಿನ ದಿನ ಮಳೆ ಬಂದು ಕಲ್ಲು ತೊಳೆದಿಟ್ಟ ಹಾಗಿತ್ತು. ಅಂಗಡಿಯ ಮುಂದೆ ಒಂದು ಕರಿಹಲಗೆ, ಸಾಲಿಯದರಂತೆ. ಅದರ ಮೇಲೆ ಸುಣ್ಣದ ಕಡ್ಡಿಯಿಂದ ಆ ದಿನದ ಊಟ ಬರೆದಿದ್ದರು. ಅದಕ್ಕೆ ಸೆಟ್ ಲಂಚ್ ಎನ್ನುತ್ತಾರಂತೆ. ಇದು ಕೊಡಿ, ಅದು ಕೊಡಿ ಎಂದು ಕೇಳುವ ಹಾಗಿಲ್ಲ. ಆ ಹೊತ್ತು ಮನೆಯವರು ಏನು ಮಾಡಿರುತ್ತಾರೋ ಅದು ಒಂದಾದ ಮೇಲೆ ಒಂದು ಬರುತ್ತದೆ. ಸಾಹೇಬ ಬರಲಿ, ಹಮಾಲ ಬರಲಿ, ಎಲ್ಲರಿಗೂ ಅದೇ.

ಬಾಗಿಲು ತೆಗೆದರೆ ಮೇಲೆ ಕಟ್ಟಿದ ಗಂಟೆ ಕಿಣಿಕಿಣಿ ಎಂದಿತು. ಒಳಗೆ ಏಳೇ ಮೇಜು. ಮೇಜಿನ ಮೇಲೆ ಕೆಂಪು ಬಿಳಿ ಚೌಕಡಿಯ ಬಟ್ಟೆ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಅಷ್ಟು ನೆಟ್ಟಗೆ ನಮ್ಮ ಆಪರೇಶನ್ ಕೋಣೆಯಲ್ಲಿಯೂ ಹಾಸುವುದಿಲ್ಲ. ಒಂದು ಸಣ್ಣ ಗ್ಲಾಸಿನಲ್ಲಿ ಎರಡೇ ಹೂ. ಬೆಣ್ಣೆ ಕಾದ ವಾಸನೆ, ಉಳ್ಳಾಗಡ್ಡಿ ಹುರಿದ ವಾಸನೆ. ಕಿಟಕಿಯಿಂದ ನೋಡಿದರೆ ಮನೆಗಳ ಹಂಚಿನ ಮೇಲಿಂದ ಕೆಳಗೆ ಬಂದರ, ನಿಂತ ಹಡಗುಗಳು. ಬಿಸಿಲು ಆ ಬಿಳಿ ತಾಟುಗಳ ಮೇಲೆ ಬಿದ್ದು ನನ್ನ ಕಣ್ಣು ಕುಕ್ಕಿತು. ನಾನು ಎಲ್ಲಿ ಬಂದೆ, ನನ್ನಂಥವಳನ್ನು ಇಲ್ಲಿ ಯಾರು ಬಿಟ್ಟರು ಎಂದುಕೊಂಡೆ.

ಮನೆಯ ಯಜಮಾನ ಹದಿನೈದನೆಯ ವರ್ಷದಿಂದ ಫ್ರೆಂಚರ ಹಡಗುಗಳ ಅಡುಗೆಮನೆಯಲ್ಲಿ ದುಡಿದವನಂತೆ. ಅವನು ಒಳಗೆ. ಹೊರಗೆ ನೀಡುವವಳು ಅವನ ಹೆಂಡತಿ, ಅರವತ್ತರ ಹತ್ತಿರದವಳು, ಕರಿ ಬಟ್ಟೆಯ ಮೇಲೆ ಬಿಳಿ ಸೆರಗಿನಂಥದು ಕಟ್ಟಿದ್ದಳು. ಬಾಗಿ ನಮಸ್ಕಾರ ಮಾಡಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಸಣ್ಣ ಟವೆಲ್ ಕೈ ಒರೆಸಿಕೊಳ್ಳಲು ಕೊಟ್ಟಳು. ನನ್ನ ಹಣೆಯ ಮೇಲಿನ ವಿಭೂತಿ ನೋಡಿದಳು, ಏನೂ ಕೇಳಲಿಲ್ಲ.

ಪಕ್ಕದ ಮೇಜಿನಲ್ಲಿ ನಮಗಿಂತ ಮೊದಲೇ ಬಂದ ನಾಲ್ಕು ಮಂದಿ ಗಂಡಸರು ಕೂತಿದ್ದರು. ಕೋಟು, ಟೈ ಹಾಕಿದ ಬಂದರದ ಕಚೇರಿಯವರು. ಒಬ್ಬ ಹಿರಿಯನಿಗೆ ಬಂಗಾರದ ಹಲ್ಲು. ಒಳಗಿನಿಂದ ಆ ಹೆಂಗಸು ಹಬೆಯಾಡುವ ತಾಟು ಹಿಡಿದುಕೊಂಡು ಬಂದಳು. ಆ ಗಂಡಸರ ಕಡೆ ಹೋಗಲು ಅವಳಿಗೆ ದಾರಿಯಾಗಲಿ ಎಂದು ನಾನು ಸೆರಗು ಎಳೆದುಕೊಂಡು ಕುರ್ಚಿ ಸರಿಸಿದೆ. ಅವಳು ಅವರನ್ನು ದಾಟಿ ಬಂದು ಆ ತಾಟನ್ನು ನನ್ನ ಮುಂದೆ ಇಟ್ಟಳು.

ತಪ್ಪಿ ಇಟ್ಟಿದ್ದಾಳೆ ಎಂದು ನಾನು ಅದನ್ನು ಹಿರಾತಾಬಾಯಿಯ ಕಡೆ ಸರಿಸಿದೆ. ಹಿರಾತಾಬಾಯಿ ತಿರುಗಿ ನನ್ನ ಕಡೆ ಸರಿಸಿದಳು. ನಾನು ಗಂಡಸರ ಕಡೆ ಕೈ ಮಾಡಿ, ಅವರಿಗೆ ಮೊದಲು, ಎಂದೆ. ಬಂಗಾರದ ಹಲ್ಲಿನವನು ಕೂತಲ್ಲೇ ತಲೆ ಬಾಗಿಸಿ, ನಡೆಯಲಿ ನಡೆಯಲಿ ಎನ್ನುವ ಹಾಗೆ ಅಂಗೈ ತೋರಿಸಿದ.

‘ಈ ಊರಿನ ಮನೆಗಳಲ್ಲಿಯೂ ಗಂಡಸರಿಗೇ ಮೊದಲು. ಆದರೆ ಈ ಅಂಗಡಿಯಲ್ಲಿ ಹಾಗಿಲ್ಲ. ಫ್ರೆಂಚರ ಪದ್ಧತಿಯಂತೆ ಹೆಂಗಸರಿಗೆ ಮೊದಲು, ಅದರಲ್ಲೂ ಅತಿಥಿಗೆ ಎಲ್ಲರಿಗಿಂತ ಮೊದಲು’ ಎಂದಳು ಹಿರಾತಾಬಾಯಿ.

ಆಕೆಯ ಮುಂದೆಯೂ ತಾಟು ಬಂತು. ಆದರೆ ಆಕೆ ಚಮಚ ಮುಟ್ಟಲಿಲ್ಲ. ನಾನು ಅವಳದಾಗಲಿ ಎಂದು ಕಾಯುತ್ತಿದ್ದೆ, ಅವಳು ನನ್ನನ್ನು ಕಾಯುತ್ತಿದ್ದಳು. ಅಡುಗೆಮನೆಯ ಕಿಂಡಿಯಿಂದ ಎರಡು ಕಣ್ಣು ಕಾಯುತ್ತಿದ್ದವು. ಇಷ್ಟು ಮಂದಿ ಒಮ್ಮೆಗೇ ನನ್ನನ್ನು ಕಾದದ್ದು ನನ್ನ ಜನ್ಮದಲ್ಲೇ ಇಲ್ಲ. ಇವರಿಗೆ ಗೊತ್ತಿಲ್ಲದೆ ಮಾಡುತ್ತಿದ್ದಾರೆ, ಹೇಳಿಬಿಡಬೇಕು, ಮೋಸ ಮಾಡಿ ಉಣ್ಣಬಾರದು ಎನಿಸಿತು.

‘ನಾನು ಗಂಡ ಇಲ್ಲದವಳು’ ಎಂದೆ. ‘ನನಗೆ ಮೊದಲು ನೀಡಬಾರದು.’

ಹಿರಾತಾಬಾಯಿ ಅರ್ಥವಾಗದೆ ನನ್ನನ್ನೇ ನೋಡಿದಳು. ಆಮೇಲೆ ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು: ‘ಯಾಕೆ? ನಿಮ್ಮ ದೇಶದಲ್ಲಿ ಗಂಡ ಇಲ್ಲದವರಿಗೆ ಹಸಿವೆಯಾಗುವುದಿಲ್ಲವೇ?’

ಲೀಲಾ, ಹದಿನೇಳು ವರ್ಷದಲ್ಲಿ ನಾನೇ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಆಕೆ ನನ್ನ ಮಾತನ್ನು ನೀಡುವ ಹೆಂಗಸಿಗೆ ಜಪಾನಿಯಲ್ಲಿ ಹೇಳಿದಳು. ಆ ಹೆಂಗಸು ಒಳಗೆ ಹೋಗಿ ಗಂಡನಿಗೆ ಹೇಳಿದಳು. ಮುದುಕ ಕೈ ಒರೆಸಿಕೊಳ್ಳುತ್ತ ಹೊರಗೇ ಬಂದ. ಎತ್ತರದ ಬಿಳಿ ಟೊಪ್ಪಿಗೆ, ಸುಟ್ಟ ಕಲೆಗಳ ಕೈ. ಈಗ ಎಬ್ಬಿಸಿ ಕಳಿಸುತ್ತಾನೆ ಎಂದುಕೊಂಡು ನಾನು ಅರ್ಧ ಎದ್ದೇ ಬಿಟ್ಟಿದ್ದೆ. ಅವನು ನನ್ನ ಮುಂದೆ ಬಾಗಿ ಏನೋ ಹೇಳಿದ. ಹಿರಾತಾಬಾಯಿಗೆ ನಗು ತಡೆಯಲಿಲ್ಲ.

‘ಎಲುಬಿನ ಸಾರು ಹಾಕದೆ ಸೂಪು ಮಾಡಿದ್ದು ಈತನಿಗೆ ಇದೇ ಮೊದಲಂತೆ. ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ರಾತ್ರಿಯಿಂದ ಚಿಂತೆಯಂತೆ. ಆರಿ ಹೋಗುತ್ತಿದೆ, ದಯಮಾಡಿ ಬೇಗ ರುಚಿ ನೋಡಿ ಹೇಳಬೇಕಂತೆ.’

ನನ್ನ ಬಾಳಿನ ಎಲ್ಲಕ್ಕಿಂತ ದೊಡ್ಡ ಸಂಗತಿಯನ್ನು ನಾನು ಅವರ ಮುಂದೆ ಇಟ್ಟಿದ್ದೆ. ಅವನ ಚಿಂತೆಯೆಲ್ಲ ಸೂಪು ಆರುವುದು! ನಾನು ಕೂತೆ. ಚಮಚ ತೆಗೆದುಕೊಂಡೆ. ಕುಂಬಳಕಾಯಿ ಬೇಯಿಸಿ, ನುಣ್ಣಗೆ ಅರೆದು, ಹಾಲು ಬೆಣ್ಣೆ ಕೂಡಿಸಿದ್ದು. ಕಾಯಿಯ ಸಿಹಿ, ಮೇಲೆ ಮೆಣಸಿನ ಘಾಟು. ನಾಲಿಗೆಯ ಮೇಲೆ ಇಟ್ಟರೆ ನುಂಗುವ ಮೊದಲೇ ಇಳಿದು ಹೋಗುತ್ತಿತ್ತು. ‘ಭಾಳ ಚಲೋ ಆಗ್ಯದ’ ಎಂದು ನನ್ನ ಬಾಯಿಂದ ನಮ್ಮ ಮಾತೇ ಬಂತು. ಮುದುಕನಿಗೆ ಅದು ತಿಳಿಯಿತು. ಎರಡು ಸಲ ಬಾಗಿ ಒಳಗೆ ಓಡಿದ.

ಆಮೇಲೆ ನಾನೊಂದು ನಗೆಗೇಡು ಮಾಡಿದೆ. ಅವಸರದಲ್ಲಿ ಉಂಡು ರೂಢಿಯಾದವಳಲ್ಲವೇ, ಹಿರಾತಾಬಾಯಿ ನಾಲ್ಕು ಚಮಚ ಕುಡಿಯುವುದರಲ್ಲಿ ನನ್ನ ತಾಟು ಖಾಲಿ! ಪಾಪ, ಎಷ್ಟು ಹಸಿದಿದ್ದಾಳೋ ಎಂದು ಆ ಹೆಂಗಸು ಓಡಿ ಬಂದು ಮತ್ತೆ ತುಂಬಿದಳು. ತುಂಬಿ, ನನ್ನ ಹೆಗಲ ಮೇಲೆ ಮೆಲ್ಲಗೆ ಕೈ ಇಟ್ಟು ‘ಯುಕ್ಕುರಿ, ಯುಕ್ಕುರಿ’ ಎಂದಳು. ಅವರ ಭಾಷೆಯಲ್ಲಿ ನಿಧಾನ ಎಂದು ಅರ್ಥವಂತೆ. ನನಗೆ ಮಾತ್ರ ನಮ್ಮ ಕಡೆ ಬರ್ರಿ, ಕೂಡ್ರಿ, ಉಣ್ರಿ ಎನ್ನುವ ಹಾಗೆ ಯಾರೋ ನಮ್ಮವರೇ ಮರ್ಯಾದೆ ಕೊಟ್ಟು ಹೇಳಿದಂತೆ ಕೇಳಿಸಿತು.

ಮುಂದೆ ಬಂದದ್ದು ನಂಬುತ್ತೀಯಾ? ಬದನೆಕಾಯಿ! ಬದನೆಕಾಯಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಎಲ್ಲ ಕೂಡಿಸಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೇಯಿಸಿದ ಪಲ್ಯ, ಜೊತೆಗೆ ಬೆಂಕಿಯಿಂದ ಆಗ ತೆಗೆದ ಪಾವು. ಹೊರಗೆ ಗರಿಗರಿ, ಒಳಗೆ ಅರಳೆ. ಶೇಂಗಾದ ಪುಡಿ ಇಲ್ಲ, ಖಾರ ಇಲ್ಲ, ಆದರೂ ಬದನೆಕಾಯಿ ಬದನೆಕಾಯಿಯೇ. ಸಾವಿರಾರು ಹರದಾರಿ ನೀರು ದಾಟಿ, ಭಾಷೆ ಬಿಟ್ಟು, ಊರು ಬಿಟ್ಟು ಬಂದರೆ ನಮ್ಮ ಹಿತ್ತಲದ ಕಾಯಿ ಫ್ರೆಂಚರ ಬಟ್ಟೆ ಉಟ್ಟುಕೊಂಡು ಜಪಾನದವರ ಕೈಯಿಂದ ನನ್ನ ತಾಟಿಗೆ ಬಂತು. ದೇವರ ಸೃಷ್ಟಿ ಎಷ್ಟು ದೊಡ್ಡದು, ಎಷ್ಟು ಸಣ್ಣದು ಎಂದು ಬೆರಗಾಗಿ ಕೂತೆ. ಮುಳ್ಳಿನ ಚಮಚ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಹಿರಾತಾಬಾಯಿ ತಾನೇ ಮೊದಲು ಪಾವು ಮುರಿದು ಕೈಯಿಂದ ಪಲ್ಯ ಎತ್ತಿದಳು, ನಾನೂ ಹಾಗೇ ಮಾಡಿದೆ. ಪಕ್ಕದವರು ತಿರುಗಿಯೂ ನೋಡಲಿಲ್ಲ.

ಉಣ್ಣುತ್ತ ಆಕೆ ತನ್ನ ಕಥೆ ಹೇಳಿದಳು. ಅವಳೂ ಗಂಡ ಇಲ್ಲದವಳೇ. ಗಂಡ ಹಡಗಿನ ಎಂಜಿನ್ ಕೆಲಸದವನು, ಯುದ್ಧದಲ್ಲಿ ಹಡಗಿನ ಜೊತೆಗೇ ಮುಳುಗಿದ. ಅತ್ತೆ ಅವಳಿಗೆ ಬಣ್ಣದ ಬಟ್ಟೆ ಬೇಡ ಎಂದಳಂತೆ, ನಗು ಬೇಡ ಎಂದಳಂತೆ. ‘ಐದು ವರ್ಷ ಹಾಗೇ ಇದ್ದೆ. ಒಂದು ದಿನ ಎರಡು ಹೆರಿಗೆ ಮುಗಿಸಿ ಈ ಓಣಿಯಲ್ಲಿ ಹೋಗುತ್ತಿದ್ದೆ. ಹೊಟ್ಟೆ ಹಸಿದಿತ್ತು, ಒಳಗೆ ಬಂದೆ. ಈಕೆ ನನಗೆ ಮೊದಲು ನೀಡಿದಳು. ಅಂದಿನಿಂದ ಪ್ರತಿ ತಿಂಗಳು ಇಪ್ಪತ್ತೆಂಟಕ್ಕೆ ಬರುತ್ತೇನೆ. ಅದು ನನ್ನ ಗಂಡ ತೀರಿಕೊಂಡ ತಾರೀಖು’ ಎಂದಳು. ಅಳುತ್ತ ಹೇಳಲಿಲ್ಲ, ಪಾವಿಗೆ ಬೆಣ್ಣೆ ಹಚ್ಚುತ್ತ ಹೇಳಿದಳು.

ಕೊನೆಗೆ ಸಕ್ಕರೆಯಲ್ಲಿ ಬೇಯಿಸಿದ ಪಿಯರ್ ಎಂಬ ಹಣ್ಣು, ಮಕ್ಕಳಾಟದ ಸಾಮಾನಿನಂಥ ಪುಟ್ಟ ಬಟ್ಟಲಿನಲ್ಲಿ ಕಾಫಿ. ಆ ಊಟಕ್ಕೆ ಎರಡು ತಾಸು ಹಿಡಿಯಿತು. ಎರಡು ತಾಸು ನಾನು ಬೆನ್ನು ಆನಿಸಿ ಕೂತು ಉಂಡೆ. ನಡುವೆ ಯಾರೂ ಕರೆಯಲಿಲ್ಲ, ನಾನೂ ಏಳಲಿಲ್ಲ. ಹೊರಗೆ ಬಂದ ಮೇಲೆ ಆ ದಂಪತಿ ಬಾಗಿಲಲ್ಲಿ ನಿಂತು ಬಾಗಿದರು. ಓಣಿಯ ತಿರುವಿನಲ್ಲಿ ತಿರುಗಿ ನೋಡಿದರೆ ಇನ್ನೂ ಬಾಗಿಯೇ ಇದ್ದರು. ನಾನು ನಡುರಸ್ತೆಯಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿದೆ.

ಇದು ಅಲ್ಲಿಯ ಸುದ್ದಿ. ಇನ್ನು ಇಲ್ಲಿಯದು. ದೀಪಾವಳಿಯಾದ ಮೇಲೆ ಚಪಳಗಾಂವಕ್ಕೆ ಹೋಗಿದ್ದೆ. ನಿನ್ನ ಮಾಮಾ ಜೋಳದ ಹೊಲದಿಂದ ಆಗಷ್ಟೇ ಬಂದು ಕೈಕಾಲು ತೊಳೆದುಕೊಂಡು, ‘ತಂಗಿ, ಅಷ್ಟು ದೂರ ಹೋಗಿ ಬಂದಿ, ಅಲ್ಲಿ ಏನ್ ಉಂಡಿ? ಹೊಟ್ಟಿ ತುಂಬತಿತ್ತ?’ ಎಂದು ಕೇಳಿದ. ನಾನು ಈ ಊಟದ ಸುದ್ದಿ ಹೇಳಿದೆ. ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಗಂಡಸ್ರು ಕೂತಿದ್ರೂ ಮದಲ ನಿಮಗ ನೀಡಿದ್ರ?’ ಎಂದು ಬಾಯಿ ತೆರೆದಳು.

ಉಣ್ಣುವ ಹೊತ್ತಾಯಿತು. ಅಣ್ಣನಿಗೆ ಮಣೆ ಹಾಕಿದಳು. ನಾನೇ ಇನ್ನೊಂದು ಮಣೆ ತಂದು ಅವನ ಪಕ್ಕದಲ್ಲಿ ಹಾಕಿಕೊಂಡು ಕೂತೆ. ಮಾಮಿಯ ಕೈಯಲ್ಲಿಯ ರೊಟ್ಟಿ ಕೈಯಲ್ಲೇ ಉಳಿಯಿತು. ಅಣ್ಣ ತನ್ನ ಮಣೆ ಸರಿಸಿ ನನಗೆ ಜಾಗ ಮಾಡಿದ.

‘ಹದಿನೇಳ ವರ್ಷ ಆತು’ ಎಂದ. ‘ನಾ ಉಣ್ಣೂ ಮುಂದ ನನ್ನ ತಂಗಿ ಎಲ್ಲಿ ಅದಾಳ, ಉಂಡಾಳೋ ಇಲ್ಲೋ ಅಂತ ಒಮ್ಮಿನೂ ಕೇಳಲಿಲ್ಲ ನೋಡು. ಸಾಲಿ ಕಲಿಸೀನಿ, ನೌಕರಿ ಹಚ್ಚೀನಿ, ನಾ ದೊಡ್ಡಾವ ಅಂತ ತಿರಗತಿದ್ದೆ.’ ಆಮೇಲೆ ಮಾಮಿಗೆ, ‘ಲಕ್ಷ್ಮೀ, ಆಕಿಗೆ ಮದಲ ನೀಡು’ ಎಂದ.

ಮಾಮಿ ನೀಡಿದಳು. ನೀಡಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಹಂಗಾರ ನಾನೂ ಕೂಡ್ತೀನಿ. ನನಗೂ ಹಸಿವು ಆಗ್ಯದ’ ಎಂದು ಕೂತೇಬಿಟ್ಟಳು! ನೀಡುವವರು ಯಾರೂ ಇಲ್ಲ. ನಿನ್ನ ಮಾಮಾ ಎದ್ದು ಬೇಳೆ ನೀಡಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದ. ಆ ಮನೆಯಲ್ಲಿ ನಾವು ಮೂವರು ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಈಗ ನಿನ್ನ ಪತ್ರಕ್ಕೆ ಉತ್ತರ. ಗುರುವಾರ ಬೆಳಗಿನ ಗಾಡಿಗೆ ಮಾಮಾ ಮಾಮಿಯ ಜೊತೆ ನಾನೂ ನಾಗಣಸೂರ ಸ್ಟೇಶನ್ನಿನಲ್ಲಿ ಇಳಿಯುತ್ತೇನೆ. ಹಸಿರು ಸೀರೆ ನಾನೇ ಆರಿಸಿದ್ದೇನೆ, ನಾನೇ ಹಿಡಿದುಕೊಂಡು ಬರುತ್ತೇನೆ. ನಿನ್ನ ಅತ್ತೆಯವರಿಗೆ ಮೊದಲೇ ತಿಳಿಸು. ಅವರು ಕೆಟ್ಟವರಲ್ಲ, ಮಂದಿಯ ಬಾಯಿಗೆ ಹೆದರುತ್ತಾರೆ, ನಾನೂ ಇಷ್ಟು ವರ್ಷ ಹೆದರಿದವಳೇ. ಬೇಡ ಎಂದರೆ ಜಗಳವಿಲ್ಲ. ಸೀರೆ ಮಾಮಿಯ ಕೈಗೆ ಕೊಟ್ಟು, ನಿನ್ನ ಮುಖ ನೋಡಿ, ಸಂಜೆಯ ಗಾಡಿಗೆ ಹೊಳ್ಳಿ ಬರುತ್ತೇನೆ. ಆದರೆ ಶುಕ್ರವಾರ ಬರುವುದಿಲ್ಲ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ.

ಹೊಟ್ಟೆಯಲ್ಲಿಯ ಕೂಸು ಗಂಡಾಗಲಿ ಹೆಣ್ಣಾಗಲಿ, ಹೊಟ್ಟೆ ತುಂಬ ಉಂಡು ಬೆಳೆಯಲಿ. ನಿನಗೆ ಹಗುರಾಗಿ ಹೆರಿಗೆಯಾಗಲಿ. ಬೇನೆ ಬಂದ ಹೊತ್ತಿಗೆ ಈ ಕೈಗಳು ನಿನ್ನ ಹತ್ತಿರವೇ ಇರುತ್ತವೆ. ನೀವು ಗಂಡ ಹೆಂಡತಿ ನೂರು ವರ್ಷ ಕೂಡಿ ಬಾಳಿರಿ, ಕೂಡಿಯೇ ಉಣ್ಣಿರಿ.

ನಿನ್ನ ಅವ್ವ
ಕಸ್ತೂರಬಾಯಿ

ತಾ. ಕ. ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿಜವಾಗಿ ಬರೆಯಬೇಕಾದದ್ದು ಇದು. ಮೂರು ವರ್ಷದ ಹಿಂದೆ ನಿನ್ನ ಮದುವೆಯ ದಿನ ನಾನು ಕಾಳಿನ ಕೋಣೆಯಲ್ಲಿದ್ದೆ. ಅಲ್ಲಿರು ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಹೋಗಿ ಕೂತಿದ್ದೆ. ನಿನ್ನನ್ನು ಬಾಸಿಂಗ ಕಟ್ಟಿ ಕರೆತರುವಾಗ ಮಾತ್ರ ತಡೆಯಲಾಗದೆ ಬಾಗಿಲಿಗೆ ಬಂದು ನಿಂತೆ, ಒಮ್ಮೆ ನೋಡಬೇಕೆಂದು. ನೀನು ನನ್ನನ್ನು ನೋಡಿದೆ. ನೋಡಿ ಮಾಮಿಯ ಕಿವಿಯಲ್ಲಿ ಅಂದೆ: ‘ಮಾಮಿ, ಅವ್ವಗ ಒಳಗ ಹೋಗ ಅನ್ರಿ. ಅವರ ಮಂದಿ ನೋಡಾಕತ್ತಾರ.’ ಮೆಲ್ಲಗೆ ಅಂದೆ. ನನಗೆ ಕೇಳಿಸಲಿಲ್ಲ ಎಂದು ನೀನು ತಿಳಿದಿದ್ದೀ. ಕೇಳಿಸಿತು, ಮಗಳೇ. ಮಾಮಿ ಹೇಳುವ ಮೊದಲೇ ನಾನು ಒಳಗೆ ಹೋಗಿ ಕದ ಎಳೆದುಕೊಂಡೆ. ನಿನಗೆ ಆಗ ಹದಿನಾರು ವರ್ಷ, ಹೆದರಿದ್ದೆ, ಗೊತ್ತು. ನಾನು ನಿನ್ನನ್ನು ಎಂದೋ ಕ್ಷಮಿಸಿದ್ದೇನೆ, ಆದರೆ ಆ ಮಾತು ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ಅದನ್ನು ತೆಗೆಯುವುದು ನಿನ್ನಿಂದಲೇ ಆಗಬೇಕು. ಗುರುವಾರ, ನಾಲ್ಕು ಮಂದಿಗೆ ಕೇಳುವ ಹಾಗೆ, ಒಮ್ಮೆ ಅನ್ನು: ‘ಅವ್ವಾ, ಅಲ್ಲಿ ಯಾಕ ನಿಂತಿ? ನನ್ನ ಹಂತ್ಯಾಕ ಬಾ.’